ಪಾಠದ ಯಂತ್ರ ಯಾರ ಕೈಯಲ್ಲಿರಬೇಕು?

ಯಂತ್ರದ ವಿಚಾರವನ್ನು ಗಿರಣಿಯಲ್ಲಿ ದುಡಿದ ನಮ್ಮ ಓದುಗರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಗ್ಗ ಎಂದೂ ನೇಕಾರನ ಶತ್ರುವಲ್ಲ. ಮಗ್ಗ ಯಾರದು, ಒಬ್ಬಾಳು ಎಷ್ಟು ಮಗ್ಗ ನೋಡಿಕೊಳ್ಳಬೇಕು, ಅದರ ವೇಗವನ್ನು ಗೊತ್ತುಮಾಡುವವರು ಯಾರು, ನೇಯ್ದ ಬಟ್ಟೆ ಯಾರ ಉಗ್ರಾಣ ಸೇರುತ್ತದೆ, ಜಗಳವೆಲ್ಲ ಇಷ್ಟೇ. ಈ ಜಗಳ ಈಗ ನಮ್ಮ ಮಕ್ಕಳ ಶಾಲೆಯ ಬಾಗಿಲಿಗೂ ಬಂದು ನಿಂತಿದೆ. ಕಂಪ್ಯೂಟರು, ಮೊಬೈಲು, ಗೋಡೆಯ ಮೇಲಿನ ಪರದೆ ಇವೆಲ್ಲ ಪಾಠದ ಯಂತ್ರಗಳಾಗಿವೆ. ಅವು ಬೇಕೋ ಬೇಡವೋ ಎಂದು ಕೇಳುತ್ತ ಕೂರುವ ಕಾಲ ಹೋಯಿತು. ಅವು ಯಾರ ಕೈಯಲ್ಲಿರಬೇಕು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳನ್ನು ಕಣ್ಣಾರೆ ಕಾಣಬೇಕೆಂದರೆ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಹೋಗಬೇಕು. ಅರ್ಧ ದಿನದಲ್ಲಿ ಸುತ್ತಿ ಬರಬಹುದಾದಷ್ಟು ಜಾಗ. ಬನಶಂಕರಿ ೩ನೇ ಹಂತದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಕಚೇರಿ ಇದೆ. ಬನಶಂಕರಿ ೨ನೇ ಹಂತದಲ್ಲಿ, ಮಾಸ್ತರರೂ ವಿಜ್ಞಾನಿಗಳೂ ಸೇರಿ ಕಟ್ಟಿ ೧೯೮೦ರಿಂದ ನಡೆಸಿಕೊಂಡು ಬಂದಿರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನವಿದೆ. ಜಯನಗರದ ೪ನೇ ಟಿ ಬ್ಲಾಕಿನಲ್ಲಿ ಐಟಿ ಫಾರ್ ಚೇಂಜ್ ಎಂಬ ಸೇವಾಸಂಸ್ಥೆಯಿದೆ. ಅಲ್ಲಿಂದ ಪೂರ್ವಕ್ಕೆ ಬನ್ನೇರುಘಟ್ಟ ರಸ್ತೆಗೆ ಹೋದರೆ, ಬೈಜೂಸ್ ಎಂಬ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಇಟ್ಟುಕೊಂಡು ಮೆರೆದ ಗಾಜಿನ ಕಟ್ಟಡಗಳಿವೆ.

ಮೊದಲು ಮಾಸ್ತರರ ಕೆಲಸವನ್ನು ಹೇಳೋಣ. ಪತ್ರಿಕೆಗಳು ಅದನ್ನು ಹೇಳಿದ್ದು ಕಡಮೆ. ೨೦೧೧ರಿಂದೀಚೆಗೆ ಶಿಕ್ಷಣ ಇಲಾಖೆ ಮತ್ತು ಆ ಜಯನಗರದ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರಿಗಾಗಿ ವಿಷಯ ಶಿಕ್ಷಕರ ವೇದಿಕೆ ಎಂಬ ಏರ್ಪಾಟನ್ನು ಕಟ್ಟಿದುವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಉಪಾಧ್ಯಾಯರು ಕಂಪ್ಯೂಟರಿನ ಮುಂದೆ ಕುಳಿತು ಕಲಿತರು. ಕಲಿತದ್ದನ್ನು ತಮ್ಮ ತರಗತಿಗೆ ಒಯ್ದರು. ಅಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ಬೇರೆ ಜಿಲ್ಲೆಯ ಉಪಾಧ್ಯಾಯರಿಗೆ ತಿಳಿಸಿದರು. ಹೀಗೆ ಬೆಳೆದ ಪಾಠಗಳನ್ನೆಲ್ಲ ಒಂದೆಡೆ ಕೂಡಿಹಾಕಲು ೨೦೧೩ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಭಂಡಾರ ತೆರೆಯಿತು. ವಿಕಿಪೀಡಿಯ ನಡೆಯುವ ತಂತ್ರಾಂಶದಲ್ಲೇ ಇದೂ ನಡೆಯುತ್ತದೆ. ಪಾಠವನ್ನು ಯಾರು ಬೇಕಾದರೂ ಓದಬಹುದು, ಅಚ್ಚು ಹಾಕಿಕೊಳ್ಳಬಹುದು, ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಬಾಡಿಗೆಯಿಲ್ಲ, ಬಡ್ಡಿಯಿಲ್ಲ.

ಇದರಿಂದ ತರಗತಿಯಲ್ಲಿ ಆದದ್ದೇನು? ಒಂದು ಉದಾಹರಣೆ ಸಾಕು. ತ್ರಿಕೋನದ ಮೂರು ಕೋನಗಳ ಮೊತ್ತ ೧೮೦ ಡಿಗ್ರಿ ಎಂದು ಮಾಸ್ತರರು ಹಲಗೆಯ ಮೇಲೆ ಬರೆಯುತ್ತಾರೆ, ಹುಡುಗ ಬಾಯಿಪಾಠ ಮಾಡುತ್ತಾನೆ. ಹಲಗೆಯ ತ್ರಿಕೋನ ಅಲ್ಲಾಡುವುದಿಲ್ಲ. ಜಿಯೋಜಿಬ್ರ ಎಂಬ ತಂತ್ರಾಂಶದಲ್ಲಿ ಅದೇ ತ್ರಿಕೋನದ ಮೂಲೆಯನ್ನು ಹಿಡಿದು ಎಳೆಯಬಹುದು. ಒಂದು ಕೋನ ಹಿಗ್ಗುತ್ತದೆ, ಇನ್ನೆರಡು ಕುಗ್ಗುತ್ತವೆ. ಎಷ್ಟು ಎಳೆದರೂ ಮೊತ್ತ ಮಾತ್ರ ಕದಲುವುದಿಲ್ಲ. ಹುಡುಗ ತಾನೇ ಎಳೆದು ತಾನೇ ಕಂಡುಕೊಂಡ ಮೇಲೆ ಅದು ಮಾಸ್ತರರ ಮಾತಾಗಿ ಉಳಿಯದೆ ಅವನದೇ ತಿಳಿವಳಿಕೆಯಾಗುತ್ತದೆ.

ಕತೆಯ ವಿಷಯವೂ ಹಾಗೆಯೇ. ದಕ್ಷಿಣ ಬೆಂಗಳೂರಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ ಮಕ್ಕಳು ಬಹುಪಾಲು ಗಾರೆ ಕೆಲಸದವರ, ಮನೆಗೆಲಸದವರ, ಗಾರ್ಮೆಂಟ್ಸ್ ನೌಕರರ, ಆಟೋ ಓಡಿಸುವವರ ಮಕ್ಕಳು. ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನವರು ಕೂರುತ್ತಾರೆ. ಅಂಥ ಮಗು ಅಜ್ಜಿ ಹೇಳಿದ ಕತೆಯನ್ನು ತನ್ನ ದನಿಯಲ್ಲೇ ಮೊಬೈಲಿಗೆ ಹೇಳಿ, ತಾನೇ ಬರೆದ ಚಿತ್ರಗಳನ್ನು ಜೋಡಿಸಿ, ಇಡೀ ತರಗತಿಯ ಮುಂದೆ ಅದು ಕೇಳಿಬಂದಾಗ, ಓದಲು ತೊದಲುತ್ತಾನೆಂದು ಹಿಂದಿನ ಬೆಂಚಿಗೆ ದೂಡಿಸಿಕೊಂಡವನು ಮೊದಲನೆಯ ಸಲ ತಲೆಯೆತ್ತುತ್ತಾನೆ. ಅದೇ ಸಂಸ್ಥೆಯವರು ಕಥೆ ಖಜಾನೆ ಎಂಬ ಹೆಸರಿನಲ್ಲಿ ಕೇಳುವ ಕತೆಗಳನ್ನು ಕೂಡಿಸಿದ್ದಾರೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ ೨೦೧೫ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕತೆಗಳನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತಿರುಗಿಸಿಕೊಳ್ಳಬಹುದು.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು. ಈ ದಿನ ನಿನ್ನ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀನು. ಮಾಸ್ತರರು ಪಾಠ ಹಂಚಿಕೊಳ್ಳುವುದು ಇದೇ ಮುಯ್ಯಾಳು. ಅದರಲ್ಲೂ ಒಂದು ಹೆಚ್ಚಳವಿದೆ: ಹಂಚಿದ ಭತ್ತ ಕರಗುತ್ತದೆ, ಹಂಚಿದ ಪಾಠ ಬೆಳೆಯುತ್ತದೆ.

ಇದಕ್ಕೆ ಅಡ್ಡಿಗಳೂ ಇದ್ದುವು. ಹಳೆಯ ಕಂಪ್ಯೂಟರು ಅಕ್ಷರಗಳಲ್ಲಿ ಬೆರಳಚ್ಚಿಸಿದ ಕನ್ನಡ ಪಾಠ, ಅದೇ ಅಕ್ಷರವಿಲ್ಲದ ಬೇರೆ ಯಂತ್ರದಲ್ಲಿ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲಾಗಿ ಕಾಣುತ್ತಿತ್ತು. ಊರಿಗೊಂದು ಸೇರು ಇದ್ದ ಕಾಲದ ಪರದಾಟ ನಮ್ಮ ಅಂಗಡಿಗಾರರ ಮನೆಯ ಹಿರಿಯರಿಗೆ ಗೊತ್ತು. ೧೯೫೬ರ ಕಾಯಿದೆಯಿಂದ ಕಿಲೋಗ್ರಾಂ ಬಂದ ಮೇಲೆ ತಾನೆ ದೇಶಕ್ಕೆಲ್ಲ ಒಂದೇ ತೂಕವಾದದ್ದು? ಯುನಿಕೋಡ್ ಎಂಬುದು ಅಕ್ಷರಗಳ ಕಿಲೋಗ್ರಾಂ. ಅದು ಬಳಕೆಗೆ ಬಂದ ಮೇಲೆ ಬೀದರಿನ ಪಾಠ ಚಾಮರಾಜನಗರದಲ್ಲಿ ತೆರೆಯುವಂತಾಯಿತು.

ಇನ್ನು ಬನ್ನೇರುಘಟ್ಟ ರಸ್ತೆಯ ಉತ್ತರವನ್ನು ನೋಡೋಣ. ೨೦೧೧ರಲ್ಲಿ ಹುಟ್ಟಿ ೨೦೧೫ರಲ್ಲಿ ಪಾಠದ ಆ್ಯಪು ಹೊರತಂದ ಬೈಜೂಸ್ ಕಂಪನಿಯ ಹೆಸರು ೨೦೧೯ರಲ್ಲಿ ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೇರಿತು. ೨೦೨೨ರಲ್ಲಿ ಹೂಡಿಕೆದಾರರು ಅದಕ್ಕೆ ಕಟ್ಟಿದ ಬೆಲೆ ೨,೨೦೦ ಕೋಟಿ ಡಾಲರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ೨,೫೦೦ ನೌಕರರನ್ನು ಮನೆಗೆ ಕಳಿಸುವುದಾಗಿ ಸಾರಿತು. ಸಾಲದ ಕಂತಿನ ಮೇಲೆ ಪಾಠ ಕೊಂಡ ತಂದೆತಾಯಿಗಳ ದೂರುಗಳು ಬಯಲಿಗೆ ಬಂದು, ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಯ ಮುಖ್ಯಸ್ಥರಿಗೆ ಸಮನ್ಸು ಕಳಿಸಿತು. ೨೦೨೪ರ ಜುಲೈಯಲ್ಲಿ, ಕ್ರಿಕೆಟ್ ಮಂಡಳಿಗೆ ಸಲ್ಲಬೇಕಾಗಿದ್ದ ಸುಮಾರು ೧೫೮ ಕೋಟಿ ರೂಪಾಯಿ ಬಾಕಿಯ ಮೇಲೆ, ಕಂಪನಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಅದನ್ನು ದಿವಾಳಿ ವಿಚಾರಣೆಗೆ ಒಪ್ಪಿಸಿತು.

ಕಂಪನಿ ಬಿತ್ತೆಂದು ನಾವು ಚಪ್ಪಾಳೆ ತಟ್ಟುತ್ತಿಲ್ಲ. ಅಲ್ಲಿ ದುಡಿದವರೂ ಸಂಬಳದವರೇ. ನಮ್ಮ ಮಾತು ಬೇರೆ. ಗಿರಣಿ ಮುಚ್ಚಿದರೆ ಊರು ಬೀದಿಗೆ ಬೀಳುವುದನ್ನು ಕಂಡವರು ನಾವು. ಹಾಗೆಯೇ ಪಾಠವೆಲ್ಲ ಒಂದು ಕಂಪನಿಯ ಬೀರುವಿನಲ್ಲಿದ್ದರೆ, ಕಂಪನಿ ಮುಳುಗಿದ ದಿನ ಪಾಠವೂ ಮುಳುಗುತ್ತದೆ. ಇನ್ನೊಂದು ಸಂಗತಿಯನ್ನೂ ಓದುಗರು ಗಮನಿಸಬೇಕು. ಮೇಲೆ ಹೇಳಿದ ಜಿಯೋಜಿಬ್ರ, ೨೦೦೧ರಲ್ಲಿ ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮಾರ್ಕಸ್ ಹೋಹೆನ್‌ವಾರ್ಟರ್ ತಯಾರಿಸಿ ಲೋಕಕ್ಕೆ ಕೊಟ್ಟದ್ದು. ಜಗತ್ತಿನ ಉಪಾಧ್ಯಾಯರು ಅದಕ್ಕೆ ಸಾವಿರಾರು ಪಾಠಗಳನ್ನು ಬರೆದು ತುಂಬಿದರು. ೨೦೨೧ರ ಡಿಸೆಂಬರ್‌ನಲ್ಲಿ ಅದನ್ನು ಇದೇ ಬೈಜೂಸ್ ಕೊಂಡುಕೊಂಡಿತು. ಹತ್ತು ಜನ ತೋಡಿದ ಬಾವಿಯ ರಾಟೆ ಒಬ್ಬ ಸಾಹುಕಾರನ ಕೈಗೆ ಹೋಗುವುದು ಹೀಗೆ. ಆದ್ದರಿಂದ ಪಾಠವಷ್ಟೇ ಮುಕ್ತವಾಗಿದ್ದರೆ ಸಾಲದು. ಪಾಠ ಬರೆಯುವ ಸಲಕರಣೆಯೂ ಸಾರ್ವಜನಿಕರ ಸೊತ್ತಾಗಿರಬೇಕು.

ಸರ್ಕಾರ ಮಾಡಿದ್ದೇನು? ೨೦೦೧ರಲ್ಲಿ ಮಾಹಿತಿ ಸಿಂಧು ಎಂಬ ಯೋಜನೆ ತಂದು ಪ್ರೌಢಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಆಮೇಲೆ ಬಂದ ಯೋಜನೆಯಲ್ಲೂ ಅದೇ ರೀತಿ: ಕಂಪನಿಯೇ ಯಂತ್ರ ತಂದಿಡುವುದು, ಕಂಪನಿಯೇ ಕೆಲವು ವರ್ಷ ನಡೆಸುವುದು, ಕೊನೆಗೆ ಶಾಲೆಗೆ ಬಿಟ್ಟುಹೋಗುವುದು. ಹೇಳಿಕೊಡುವವನು ಗುತ್ತಿಗೆಯ ಆಳು. ಶಾಲೆಯ ಉಪಾಧ್ಯಾಯರಿಗೆ ಆ ಕೋಣೆಯ ಕಡೆ ಕೆಲಸವೇ ಇರಲಿಲ್ಲ. ಗುತ್ತಿಗೆ ಮುಗಿಯಿತು, ಆಳು ಹೋದ, ಅನೇಕ ಕಡೆ ಬೀಗ ಬಿತ್ತು. ವಿಷಯ ಶಿಕ್ಷಕರ ವೇದಿಕೆಯ ಪಾಠ ಇದಕ್ಕೆ ನೇರ ಎದುರು: ಯಂತ್ರವನ್ನು ಉಪಾಧ್ಯಾಯರಿಗೇ ಕಲಿಸಿ, ಅವರು ಶಾಲೆ ಬಿಟ್ಟು ಹೋಗುವುದಿಲ್ಲ.

೨೦೨೦ರ ಕೊರೋನ ಕಾಲ ಎಲ್ಲರ ಬಣ್ಣವನ್ನೂ ಬಯಲು ಮಾಡಿತು. ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್‌ನೆಟ್ ಸೌಲಭ್ಯವಿದ್ದದ್ದು ಪಟ್ಟಣದ ನೂರು ಮನೆಗಳಲ್ಲಿ ೪೨ಕ್ಕೆ, ಹಳ್ಳಿಯ ನೂರು ಮನೆಗಳಲ್ಲಿ ೧೫ಕ್ಕೆ. ಇಂಥ ನಾಡಿನಲ್ಲಿ ಪಾಠವೆಲ್ಲ ಪರದೆಯ ಮೇಲೆಯೇ ಎಂದರೆ ಬಡವರ ಮಕ್ಕಳ ಪಾಡೇನು? ಆಗ ನಮ್ಮ ಸರ್ಕಾರಿ ಉಪಾಧ್ಯಾಯರು ವಿದ್ಯಾಗಮ ಎಂಬ ಹೆಸರಿನಲ್ಲಿ ಜಗಲಿ, ಮರದಡಿ, ಗುಡಿಯ ಪಡಸಾಲೆಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಆಗಸ್ಟಿನಲ್ಲಿ ಆರಂಭವಾದ ಅದು ರೋಗ ಹರಡೀತೆಂಬ ಭಯದಿಂದ ಅಕ್ಟೋಬರ್‌ನಲ್ಲಿ ನಿಂತು, ೨೦೨೧ರ ಜನವರಿಯಲ್ಲಿ ಮತ್ತೆ ಹಿಡಿಯಿತು. ಯಂತ್ರ ಕೈಕೊಟ್ಟ ಕಡೆ ಮನುಷ್ಯ ನಿಂತ. ೨೦೨೩ರಲ್ಲಿ ಯುನೆಸ್ಕೋ ಹೊರಡಿಸಿದ ಜಾಗತಿಕ ಶಿಕ್ಷಣ ವರದಿ ಈ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಎಂಬ ಪ್ರಶ್ನೆಯನ್ನೇ ತಲೆಬರಹಕ್ಕಿಟ್ಟುಕೊಂಡಿತು. ಪ್ಯಾರಿಸ್ಸಿನವರು ಕೇಳುವುದಕ್ಕೆ ಮೊದಲೇ ನಮ್ಮ ಜಗಲಿಗಳು ಆ ಪ್ರಶ್ನೆಯನ್ನು ಕೇಳಿದ್ದುವು.

ಯಂತ್ರ ಉಪಾಧ್ಯಾಯನ ಕೈಯಲ್ಲಿರುವುದು ಒಂದು, ಉಪಾಧ್ಯಾಯ ಯಂತ್ರದ ಕೈಯಲ್ಲಿರುವುದು ಇನ್ನೊಂದು. ಇಂದು ಎರಡನೆಯದೇ ಹೆಚ್ಚುತ್ತಿದೆ. ಹಾಜರಿ, ಬಿಸಿಯೂಟ, ಮಕ್ಕಳ ವಿವರ, ಅಂಕ ಎಲ್ಲವನ್ನೂ ಮೊಬೈಲಿಗೆ ತುಂಬುವುದರಲ್ಲೇ ಪಾಠದ ಹೊತ್ತು ಕರಗುತ್ತಿದೆ. ೨೦೨೫ರ ಸೆಪ್ಟೆಂಬರ್ ೨೨ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಉಪಾಧ್ಯಾಯರೇ ಗಣತಿದಾರರಾದರು. ಕೈಕೊಡುವ ಆ್ಯಪನ್ನು ಹಿಡಿದು ಮನೆ ಮನೆ ಅಲೆದರು. ಶಾಲೆಗಳ ರಜೆಯನ್ನು ಅಕ್ಟೋಬರ್ ೧೮ರವರೆಗೆ ಎಳೆಯಬೇಕಾಯಿತು. ಸಮೀಕ್ಷೆ ಬೇಕೇಬೇಕು. ಹಿಂದುಳಿದವರ ಲೆಕ್ಕ ಸಿಗದೆ ಅವರ ಪಾಲು ಸಿಗುವುದಿಲ್ಲ. ಆದರೆ ಉಪಾಧ್ಯಾಯರನ್ನು ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಬೇರೆ ಕೆಲಸಕ್ಕೆ ಹಚ್ಚಕೂಡದೆಂದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೭ನೇ ಕಲಮು ಹೇಳುತ್ತದೆ. ಓದಿದ ತರುಣರು ಕೆಲಸವಿಲ್ಲದೆ ಕುಳಿತಿರುವಾಗ, ಅವರಿಗೆ ತಕ್ಕ ಕೂಲಿ ಕೊಟ್ಟು ಈ ಕೆಲಸ ಮಾಡಿಸುವುದಕ್ಕೆ ಏನಡ್ಡಿ? ಹಿಂದುಳಿದವರ ಲೆಕ್ಕಕ್ಕಾಗಿ ಹಿಂದುಳಿದವರ ಮಕ್ಕಳ ಪಾಠವನ್ನೇ ಬಲಿಕೊಡುವುದು ಯಾವ ನ್ಯಾಯ?

ಯಂತ್ರ ಬಂದರೆ ಮಾಸ್ತರರ ಸಂಖ್ಯೆಯೇ ಇಳಿಯುತ್ತದಲ್ಲವೆ ಎಂದು ಕೆಲವರು ಕೇಳುತ್ತಾರೆ. ಭಯ ಸುಳ್ಳಲ್ಲ. ಒಬ್ಬಾಳಿಗೆ ಎರಡರ ಬದಲು ನಾಲ್ಕು ಮಗ್ಗ ಕಟ್ಟಿದ ಗಿರಣಿ ಮಾಲೀಕನ ಲೆಕ್ಕ ಸರ್ಕಾರಕ್ಕೂ ಹಿಡಿಸೀತು. ಖಾಲಿ ಹುದ್ದೆ ತುಂಬುವ ಬದಲು ಪರದೆ ತೂಗುಹಾಕಿ, ಪಾಠ ನಡೆದಿದೆ ಎಂದು ಬರೆದುಕೊಳ್ಳುವುದು ಸುಲಭ. ಅದಕ್ಕೆ ನಾವು ಒಪ್ಪಕೂಡದು. ಆದರೆ ಭಯದಿಂದ ಯಂತ್ರವನ್ನೇ ದೂರವಿಟ್ಟರೆ, ಉಳ್ಳವರ ಮಕ್ಕಳು ಅದನ್ನು ಕಲಿಯುತ್ತಾರೆ, ನಮ್ಮ ಮಕ್ಕಳು ಅದರ ಪೆಟ್ಟಿಗೆ ಹೊರುತ್ತಾರೆ.

ದಾರಿ ಇಲ್ಲದಿಲ್ಲ. ನೆರೆಯ ಕೇರಳದಲ್ಲಿ ೨೦೦೧ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ೨೦೧೭ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಅಲ್ಲಿ ತರಬೇತಿ ಕೊಡುವವರೂ ಶಾಲೆಯ ಉಪಾಧ್ಯಾಯರೇ. ಶಾಲೆಗಳಲ್ಲಿ ಓಡುವುದು ಮುಕ್ತ ತಂತ್ರಾಂಶ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರಿನ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಕೇರಳದಲ್ಲಿ ಕನ್ನಡದ ಮಗುವಿಗೆ ಆಗುವ ಕೆಲಸ ಕರ್ನಾಟಕದಲ್ಲಿ ಏಕಾಗಬಾರದು?

ನಮ್ಮ ಬೇಡಿಕೆಗಳು ಇಷ್ಟು. ಸಾರ್ವಜನಿಕರ ದುಡ್ಡಿನಿಂದ ತಯಾರಾದ ಪ್ರತಿಯೊಂದು ಪಾಠವೂ ಕನ್ನಡದಲ್ಲಿ, ಎಲ್ಲರೂ ಬಳಸಿ ತಿದ್ದಿಕೊಳ್ಳುವಂತೆ ಮುಕ್ತವಾಗಿರಬೇಕು. ಪಾಠ ಹಂಚಿಕೊಳ್ಳಲು ಉಪಾಧ್ಯಾಯರಿಗೆ ತಿಂಗಳಿಗೊಂದು ದಿನ ಕೆಲಸದ ವೇಳೆಯಲ್ಲೇ ಸಿಗಬೇಕು, ಭಾನುವಾರದ ಬಿಟ್ಟಿಯಾಗಕೂಡದು. ಕಂಪ್ಯೂಟರು ಕೊಳ್ಳುವ ಹಣದ ಜತೆಗೆ ದುರಸ್ತಿಯ ಹಣವೂ ಬರಬೇಕು. ಲೆಕ್ಕ ತುಂಬುವ ಕೆಲಸಕ್ಕೆ ಬೇರೆ ನೌಕರರನ್ನು ನೇಮಿಸಬೇಕು. ಖಾಲಿ ಹುದ್ದೆಗಳನ್ನು ತುಂಬಬೇಕು, ಗುತ್ತಿಗೆ ನಿಲ್ಲಬೇಕು.

ಇವು ಮಾಸ್ತರರ ಬೇಡಿಕೆಗಳು, ನಮಗೇನು ಎಂದು ಗಿರಣಿಯವರೂ ಅಂಗಡಿಯವರೂ ಕೈತೊಳೆದುಕೊಳ್ಳಬಾರದು. ಸರ್ಕಾರಿ ಶಾಲೆಗೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ, ಅದರಲ್ಲಿ ಕೂರುವವರು ತಂದೆತಾಯಿಗಳೇ. ಮುಂದಿನ ಸಭೆಗೆ ಹೋಗಿ. ಕಂಪ್ಯೂಟರು ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ. ಕಳೆದ ಸಲ ಆ ಬಾಗಿಲು ಯಾವಾಗ ತೆಗೆದಿತ್ತು, ನಮ್ಮ ಮಕ್ಕಳು ಕೀಲಿಮಣೆಯ ಮೇಲೆ ಬೆರಳಿಟ್ಟರೇ ಎಂದು ಕೇಳಿ. ಉತ್ತರ ಸಿಗದಿದ್ದರೆ ಆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ರುಜು ಹಾಕಿ ಬನ್ನಿ.