ಪಂಪು ಬದಲಿಸುವ ಮುಂಚೆ ಒಂದು ಪೇಪರ್ ಹಾಸಿ

ಮುಂಬಯಿಗೆ ಬಂದು ಮೂವತ್ತೆರಡು ವರ್ಷ ಆಯಿತು. ಲೋಕಲ್ ಟ್ರೇನಿನ ಟೈಮ್‌ಟೇಬಲ್ಲು ಬಾಯಿಪಾಠ. ಊರಿನ ತೋಟದಲ್ಲಿ ಅಡಿಕೆ ಮರ ಎಷ್ಟಿವೆ ಅಂದರೆ ಮಾತ್ರ ಅಣ್ಣನಿಗೆ ಫೋನ್ ಮಾಡಿ ಕೇಳಬೇಕು. ಇಂಥವನು ಮರ ಕೊಯ್ಯುವ ಮಿಶನ್ನಿನ ಬಗ್ಗೆ ಬರೆಯುವುದೇ ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ. ಆದರೆ ಸಿಟ್ಟು ಬಂದಿದೆ, ಬರೆಯದೆ ಸಮಾಧಾನವಿಲ್ಲ.

ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ, ಶಿರಸಿ ಕಡೆಗೆ. ಕೊಟ್ಟಿಗೆಯ ಪಕ್ಕ ತಗಡಿನ ಮಾಡಿನ ಕೆಳಗೆ ಅಣ್ಣನ ಚೈನ್ ಸಾ ಕೂತಿತ್ತು. ಅದರಡಿ ಒಂದು ಅಡಿಕೆ ಹಾಳೆ, ಹಾಳೆಯ ತುಂಬ ಕಪ್ಪು ಎಣ್ಣೆ.

“ಇದೇನಣ್ಣ?”

“ಲೀಕು ಮಾರಾಯ. ಪೇಟೆಯವನು ಆಯಿಲ್ ಪಂಪು ಹೋಗಿದೆ ಅಂದ. ಎರಡು ಸಾವಿರದ ಆರುನೂರು ಕೊಟ್ಟು ಹೊಸಾದು ಹಾಕಿಸಿದೆ. ಹದಿನೈದು ದಿನಕ್ಕೆ ಮತ್ತೆ ಶುರು. ಈಗ ಕೇಳಿದರೆ ಈ ಮಿಶನ್ನೇ ಹಾಗೆ, ಹೊಸದು ತಗೊಳ್ಳಿ ಅಂತಾನೆ.”

“ಬಿಡು, ಹೊಸದು ನಾನು ಕೊಡಿಸ್ತೇನೆ” ಅಂದೆ. ಯೋಚನೆಯೇ ಇಲ್ಲದೆ ಬಾಯಿಗೆ ಬಂದ ಮಾತು ಅದು! ಊರು ಬಿಟ್ಟವರ ಹತ್ತಿರ ಊರಿನ ಎಲ್ಲ ಕಾಯಿಲೆಗೂ ಇರುವುದು ಇದೊಂದೇ ಔಷಧಿ.

ಸಂಜೆ ಆ ಮಿಶನ್ ಹಿಡಿದು ಕೆಲಸ ಮಾಡುವವರು ಬಂದರು. ಇಪ್ಪತ್ತು ವರ್ಷದಿಂದ ನಮ್ಮ ತೋಟಕ್ಕೆ ಬರುವವರು. ಅವರ ಬಲಗೈ ಮೊಣಕೈವರೆಗೆ ಕಪ್ಪಾಗಿ, ಅಲ್ಲಲ್ಲಿ ಗುಳ್ಳೆ ಎದ್ದು ತುರಿಕೆ. ಮಿಶನ್ ಹೇಗಿದೆ ಅಂತ ಕೇಳಿದೆ. “ಚೈನು ಕಾಯ್ತದೆ ಒಡೆಯಾ, ಹೊಗೆ ಬರ್ತದೆ. ಎಣ್ಣೆ ಮಾತ್ರ ಬೇಗ ಖಾಲಿ ಆಗ್ತದೆ” ಅಂದರು.

ರೋಗ ಏನೆಂದು ಈ ಒಂದು ಮಾತಿನಲ್ಲೇ ಇತ್ತು. ಎಣ್ಣೆ ಖಾಲಿಯಾಗುತ್ತಿದೆ, ಆದರೆ ಚೈನಿಗೆ ಮುಟ್ಟುತ್ತಿಲ್ಲ. ಹಾಗಾದರೆ ಮಧ್ಯದಲ್ಲೆಲ್ಲೋ ದಾರಿ ತಪ್ಪುತ್ತಿದೆ. ಇದನ್ನು ಪೇಟೆಯ ರಿಪೇರಿಯವನು ಅವರಲ್ಲಿ ಕೇಳಲಿಲ್ಲ. ಅಣ್ಣ ಕೇಳಲಿಲ್ಲ. ಹೊಸದು ಕೊಡಿಸಲು ಹೊರಟ ನಾನೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಚೈನ್ ಸಾದಲ್ಲಿ ಬಾರ್ ಆಯಿಲ್ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ. ಪಂಪು ಅದನ್ನು ಟ್ಯಾಂಕಿನಿಂದ ಎಳೆದು, ಬಾರಿನ ಸಣ್ಣ ತೂತಿನ ಮೂಲಕ ಚೈನಿನ ಗಾಡಿಗೆ ಬಿಡುತ್ತದೆ. ಚೈನು ಅದನ್ನು ಸುತ್ತ ಎರಚುತ್ತದೆ. ಪೆಟ್ರೋಲ್ ಒಂದು ಟ್ಯಾಂಕ್ ಮುಗಿಯುವಷ್ಟರಲ್ಲಿ ಎಣ್ಣೆಯೂ ಹೆಚ್ಚು ಕಡಿಮೆ ಮುಗಿಯಬೇಕು, ಅದು ಸರಿಯಾದ ಲೆಕ್ಕ. ಕೆಲಸ ಮುಗಿಸಿ ಇಟ್ಟ ಮೇಲೆ ಬಾರಿನಲ್ಲಿ ಉಳಿದದ್ದು ನಾಲ್ಕು ಹನಿ ತೊಟ್ಟಿಕ್ಕಿದರೆ ಅದು ಲೀಕಲ್ಲ. ಹಾಳೆ ತುಂಬಿದರೆ ಮಾತ್ರ ಲೀಕು. ನಾಲ್ಕು ಹನಿಗೆ ಹೆದರಿ ಅಂಗಡಿಗೆ ಓಡುವವರೂ ಇದ್ದಾರೆ, ಹಾಳೆ ತುಂಬಿದರೂ ಎಲ್ಲಾ ಮಿಶನ್ನೂ ಹೀಗೇ ಅನ್ನುವವರೂ ಇದ್ದಾರೆ. ಇಬ್ಬರಿಂದಲೂ ಅಂಗಡಿಯವನಿಗೆ ಲಾಭ.

ನಾನು ಹೊಟ್ಟೆಪಾಡಿಗೆ ಮಾಡಿದ್ದು ಠಾಣೆಯ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ. ಅಲ್ಲಿ ಕಲಿತದ್ದು ಒಂದೇ ಪಾಠ: ಮೊದಲು ಒರೆಸು, ಆಮೇಲೆ ನೋಡು. ಎಲ್ಲ ಕಡೆ ಎಣ್ಣೆ ಮೆತ್ತಿಕೊಂಡ ಮಿಶನ್ನಿನಲ್ಲಿ ಎಲ್ಲಿಂದ ಸೋರುತ್ತಿದೆ ಎಂದು ಬ್ರಹ್ಮನಿಗೂ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟೆ. ಪಕ್ಕದ ಕವರ್, ಬಾರ್, ಚೈನ್ ಬಿಚ್ಚಿದೆ. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಶ್ಶು. ಒಂದು ಗಂಟೆ ಉಜ್ಜಿ, ಒರೆಸಿ, ಒಣಗಿಸಿದೆ. ಟ್ಯಾಂಕಿಗೆ ಎಣ್ಣೆ ತುಂಬಿದೆ. ಅತ್ತಿಗೆಯ ಪೌಡರ್ ಡಬ್ಬಿ ಕೇಳಿ ತಂದು ಮೈಮೇಲೆಲ್ಲ ತೆಳ್ಳಗೆ ಉದುರಿಸಿದೆ. (“ಮಿಶನ್ನಿಗೂ ಶೃಂಗಾರವೋ?” ಅಂದರು ಅತ್ತಿಗೆ.) ಕೆಳಗೆ ಪೇಪರ್ ಹಾಸಿ, ಮಿಶನ್ ಇಟ್ಟು ಊಟಕ್ಕೆ ಹೋದೆ.

ಸಂಜೆ ನೋಡಿದರೆ ಪೌಡರಿನ ಮೇಲೆ ಒದ್ದೆಯ ಗೆರೆ ಚೆನ್ನಾಗಿ ಮೂಡಿತ್ತು. ಮುಚ್ಚಳದ ಹತ್ತಿರ ಒಣ, ಅಂದರೆ ಅದರ ರಬ್ಬರ್ ರಿಂಗು ಸರಿ ಇದೆ. ಟ್ಯಾಂಕಿನ ತಳ ಒಣ, ಅಂದರೆ ಬಿರುಕಿಲ್ಲ. ಗೆರೆ ಹೊರಟದ್ದು ಪಂಪಿನ ಕೆಳಗಿನಿಂದ. ಅಣ್ಣ ಗೆದ್ದವನ ಹಾಗೆ “ನೋಡು, ಪಂಪೇ!” ಅಂದ. ಪಂಪಿನ ಕೆಳಗೆ ಅಂದರೆ ಪಂಪು ಅಂತಲೇ ಆಗಬೇಕೇ?

ಪಂಪು ಬಿಚ್ಚಲು ಕ್ಲಚ್ ತೆಗೆಯಬೇಕು. ಬಹುತೇಕ ಚೈನ್ ಸಾಗಳಲ್ಲಿ ಕ್ಲಚ್ಚಿನ ಮರೆ ಉಲ್ಟಾ, ಬಲಕ್ಕೆ ತಿರುಗಿಸಿದರೆ ಸಡಿಲ. ಪ್ಲಗ್ಗಿನ ತೂತಿನಿಂದ ಗಟ್ಟಿ ಹಗ್ಗ ಇಳಿಬಿಟ್ಟು ಪಿಸ್ಟನ್ ತಡೆದು ತಿರುಗಿಸಿದೆ. ಹೊಸ ಪಂಪು ಹೊಳೆಯುತ್ತಿತ್ತು, ಅದರಲ್ಲಿ ದೋಷವೇ ಇರಲಿಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪು, ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲಿ ಸೀಳಿತ್ತು. ಇನ್ನೊಂದು ಕಡೆ, ಬಾರಿನ ಎಣ್ಣೆ ತೂತು ಮರದ ಪುಡಿ ಮತ್ತು ಕಪ್ಪು ಜಿಡ್ಡಿನಿಂದ ಸಿಮೆಂಟ್ ಹಾಕಿದ ಹಾಗೆ ಮುಚ್ಚಿತ್ತು. ಪಂಪು ತಳ್ಳಿದ ಎಣ್ಣೆ ಬಾರಿನೊಳಗೆ ಹೋಗಲು ದಾರಿಯಿಲ್ಲದೆ ಬಾರಿನ ಹಿಂದಿನಿಂದ ಮೈಮೇಲೆ ಇಳಿಯುತ್ತಿತ್ತು. ಪಂಪು ಹಾಕುವಾಗ ರಿಪೇರಿಯವನು ಅಲ್ಲೆಲ್ಲ ಒರೆಸಿರಬೇಕು, ಅದಕ್ಕೇ ಹದಿನೈದು ದಿನ ಸುಮ್ಮನಿತ್ತು. ಆ ಎರಡು ಸಾವಿರದ ಆರುನೂರು ಒರೆಸಿದ ಕೂಲಿ!

ಹುಬ್ಬಳ್ಳಿಯಿಂದ ಪೈಪು ತರಿಸಿದೆ. ನೂರಾ ಇಪ್ಪತ್ತು ರೂಪಾಯಿ. ತೂತಿಗೆ ತಂತಿ, ಗಾಡಿಗೆ ಹಳೆಯ ಹ್ಯಾಕ್ಸಾ ಬ್ಲೇಡು. ಎಲ್ಲ ಜೋಡಿಸಿ, ಚಾಲೂ ಮಾಡಿ, ಬಾರಿನ ತುದಿಯನ್ನು ಒಂದು ಗೇಣು ದೂರದಿಂದ ಪೇಪರಿನ ಕಡೆ ತೋರಿಸಿ ರೇಸ್ ಮಾಡಿದರೆ ಎಣ್ಣೆಯ ಗೆರೆ ಬಿತ್ತು. ಚೈನಿಗೆ ಎಣ್ಣೆ ಮುಟ್ಟುತ್ತಿದೆ ಅನ್ನುವುದಕ್ಕೆ ಇದೇ ಸಾಕ್ಷಿ. ಒಣ ಚೈನು ಕಾದು, ಬಾರು ಸವೆದು, ಕೊನೆಗೆ ಚೈನು ತುಂಡಾಗಿ ಹಾರಿದರೆ ಅದು ಬೀಳುವುದು ಅಂಗಡಿಯವನ ಮೇಲಲ್ಲ, ಅಣ್ಣನ ಮೇಲಲ್ಲ, ನನ್ನ ಮೇಲಂತೂ ಅಲ್ಲವೇ ಅಲ್ಲ. ಮಿಶನ್ ಹಿಡಿದವರ ಮೇಲೆ.

ಈಗ ಬೈಗುಳ, ಮೂರು ಜನಕ್ಕೆ.

ಮೊದಲು ನಮ್ಮಣ್ಣನಿಗೆ. ಆ ಕಪ್ಪು ಜಿಡ್ಡು ಎಲ್ಲಿಂದ ಬಂತು? ಬೈಕಿನ ಸುಟ್ಟ ಇಂಜಿನ್ ಆಯಿಲ್ಲಿನಿಂದ. ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ಹಾಕುವುದು ಊರಲ್ಲೆಲ್ಲ ರೂಢಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚೈನಿಗೆ ಅಂಟಿ ನಿಲ್ಲುವ ಗುಣ ಇರುವುದಿಲ್ಲ. ವರ್ಷಗಟ್ಟಲೆ ಚರ್ಮಕ್ಕೆ ತಾಗಿದರೆ ಕ್ಯಾನ್ಸರಿನ ಭಯವೂ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆಯೂ ಇದೆ. ವಾಪಸ್ ಬಾರದ ಎಣ್ಣೆ ಅಂದೆನಲ್ಲ, ಹಾಕಿದ್ದೆಲ್ಲ ತೋಟದ ಮಣ್ಣಿಗೇ. ಆ ಮಣ್ಣಿನ ಕೆಳಗೇ ನಮ್ಮ ಬಾವಿಯ ನೀರು. ಉಳಿದದ್ದು ಆ ಬಲಗೈಗೆ. ನಮ್ಮ ಪುಕ್ಕಟೆಯ ಬೆಲೆ ಬೇರೆಯವರು ಕೊಡುತ್ತಿದ್ದಾರೆ.

ಎರಡನೆಯದು ರಿಪೇರಿಯವನಿಗೆ. ಹುಡುಕದೆ ಪಾರ್ಟ್ ಬದಲಿಸುವುದು ರಿಪೇರಿಯಲ್ಲ, ಗಿರಾಕಿಯ ದುಡ್ಡಿನಲ್ಲಿ ಜೂಜು. ಆದರೆ ಅವನ ಕಡೆಯೂ ಒಂದು ನ್ಯಾಯವಿದೆ. ಎರಡು ಗಂಟೆ ಕೂತು ಲೀಕು ಹುಡುಕಿ, ತೂತಿಗೆ ತಂತಿ ಹಾಕಿ ಕೊಟ್ಟು ಮುನ್ನೂರು ರೂಪಾಯಿ ಕೇಳಿದರೆ ನಾವು ಏನನ್ನುತ್ತೇವೆ? “ಬರೀ ತಂತಿ ಹಾಕಿದ್ದಕ್ಕೆ ಮುನ್ನೂರಾ?” ಪಾರ್ಟ್ ಹಾಕಿದರೆ ಚೀಟಿ ನೋಡಿ ಸುಮ್ಮನೆ ಎಣಿಸಿ ಕೊಡುತ್ತೇವೆ. ಕಣ್ಣಿಗೆ, ತಲೆಗೆ, ಸಮಯಕ್ಕೆ ಬೆಲೆ ಕೊಡದೆ ಪೆಟ್ಟಿಗೆಯಲ್ಲಿ ಬಂದ ಸಾಮಾನಿಗೆ ಮಾತ್ರ ಕೊಟ್ಟರೆ ಪೆಟ್ಟಿಗೆ ಮಾರುವವರೇ ಉಳಿಯುತ್ತಾರೆ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಅಂತ ಒಂದು ಸಮಿತಿ ಮಾಡಿತು. ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಒಳ್ಳೆಯದೇ. ಆದರೆ ಹಕ್ಕು ಕೊಟ್ಟರೆ ಸಾಕೇ? ಒರೆಸಿ ನೋಡುವ ತಾಳ್ಮೆಯನ್ನು ಯಾವ ಇಲಾಖೆಯೂ ಹಂಚುವುದಿಲ್ಲ.

ಮೂರನೆಯದು ನನಗೆ, ನನ್ನಂಥ ಊರು ಬಿಟ್ಟ ಎಲ್ಲರಿಗೆ. ನಾವು ಊರಿಗೆ ಮಿಕ್ಸಿ ಕಳಿಸುತ್ತೇವೆ, ಇನ್ವರ್ಟರ್ ಕಳಿಸುತ್ತೇವೆ, ಹಳೆಯದು ಕೆಟ್ಟರೆ ಮತ್ತೊಂದು ಕಳಿಸುತ್ತೇವೆ. ಅದನ್ನು ಪ್ರೀತಿ ಅಂದುಕೊಂಡಿದ್ದೇವೆ. ಕೂತು, ಬಿಚ್ಚಿ, ಬಳಸುವವರನ್ನು ಕೇಳಿ ನೋಡಲು ನಮಗೆ ರಜೆ ಸಾಲುವುದಿಲ್ಲ. ನನ್ನ ಮಾತು ಕೇಳಿ ಅಣ್ಣ ಹೊಸದು ತಂದಿದ್ದರೆ ಏನಾಗುತ್ತಿತ್ತು? ಅದೇ ಸುಟ್ಟ ಎಣ್ಣೆ, ಅದೇ ಮುಚ್ಚಿದ ತೂತು, ಅದೇ ಕೈ. ಹಾಳೆ ಮಾತ್ರ ಹೊಸದು.

ಅಣ್ಣ ಈಗ ಅಂಗಡಿಯ ಬಾರ್ ಆಯಿಲ್ ತರುತ್ತಾನೆ, ಗೊಣಗಿಕೊಂಡೇ. ತಗಡಿನ ಮಾಡಿನ ಬಿಸಿಲಿಗೆ ಟ್ಯಾಂಕಿನ ಗಾಳಿ ಹಿಗ್ಗಿ ಎಣ್ಣೆ ಹೊರಗೆ ತಳ್ಳುತ್ತದೆ ಅಂತ, ಕೆಲಸವಿಲ್ಲದ ದಿನ ಟ್ಯಾಂಕು ಖಾಲಿ ಮಾಡಿ ನೆರಳಲ್ಲಿ ಇಡುತ್ತಾನಂತೆ. ಕೈಯ ಗುಳ್ಳೆ ಡಾಕ್ಟರಿಗೆ ತೋರಿಸಿದ್ದಾರೆ, ಕಡಿಮೆಯಾಗುತ್ತಿದೆ ಅಂದರು.

ನಿಮ್ಮ ಮನೆಯ ಮಿಶನ್ನೂ ಸೋರುತ್ತಿದೆಯೇ? ಹಾಗಾದರೆ ದುಡ್ಡು ಕಳಿಸುವ ಮೊದಲು ಒಂದು ಫೋನ್ ಮಾಡಿ. ಅಣ್ಣನಿಗಲ್ಲ, ಅದನ್ನು ಹಿಡಿದು ಕೆಲಸ ಮಾಡುವವರಿಗೆ.