ಶಾಲೆಯಂಗಳದ ಹೊಸ ಪಂಕ್ತಿಭೇದ

ಮಧ್ಯಾಹ್ನದ ಬಿಸಿಯೂಟಕ್ಕೆ ತೋಟದೊಡೆಯನ ಮಗನೂ ಕೊನೆ ಕೊಯ್ಯುವವನ ಮಗಳೂ ಅಕ್ಕಪಕ್ಕ ಕುಳಿತು ಒಂದೇ ಸಾರನ್ನು ಉಣ್ಣುತ್ತಾರೆ. 2002ರಲ್ಲಿ ಆರಂಭಗೊಂಡ ಅಕ್ಷರ ದಾಸೋಹವೂ 2013ರಲ್ಲಿ ಬಂದ ಕ್ಷೀರಭಾಗ್ಯವೂ ಕನ್ನಡ ನಾಡಿನ ಸರ್ಕಾರಿ ಶಾಲೆಗಳಿಗೆ ಕೊಟ್ಟ ದೊಡ್ಡ ಪಾಠ ಈ ಒಂದೇ ಪಂಕ್ತಿ. ಸಂಜೆ ಗಂಟೆ ಬಾರಿಸಿದೊಡನೆ ಅದೇ ಜಗಲಿಯ ಮೇಲೆ ಐಸ್‌ಕ್ರೀಂ ಪೆಟ್ಟಿಗೆ ತೆರೆದುಕೊಂಡರೆ ಆ ಪಾಠ ಅಳಿಸಿಹೋಗುತ್ತದೆ. ಹತ್ತು ರೂಪಾಯಿ ತಂದವರದು ಒಂದು ಸಾಲು, ತರಲಾಗದವರದು ಇನ್ನೊಂದು. ಎರಡನೆಯ ಸಾಲಿನ ಮಗು ಕಂಬಕ್ಕೆ ಒರಗಿ ನಿಂತು ನೋಡುತ್ತದೆ. ಮಾರುವವರು ಹೊರಗಿನ ವ್ಯಾಪಾರಿಗಳಲ್ಲ; ಶಾಲೆಯ ಹಿತೈಷಿಗಳೇ. ಸೋರುವ ಹೆಂಚು ಬದಲಿಸಲು, ಪುಸ್ತಕ ಕೊಳ್ಳಲು ಹಣ ಬೇಕೆಂಬುದು ಅವರ ವಾದ.

ಹಣ ಬೇಕೆಂಬುದು ಸುಳ್ಳಲ್ಲ. ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ. 30 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. ಗುಡ್ಡಕ್ಕೊಂದು, ಕಣಿವೆಗೊಂದು ಮನೆಯಿರುವ ಮಲೆನಾಡಿನಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಿರುವುದು ಸಹಜ. ಆದರೆ ಮಳೆ ತಲೆ ಎಣಿಸಿ ಸುರಿಯುವುದಿಲ್ಲ. ಇಪ್ಪತ್ತು ಮಕ್ಕಳ ಶಾಲೆಯ ಮಾಡೂ ಇನ್ನೂರು ಮಕ್ಕಳ ಶಾಲೆಯ ಮಾಡೂ ಒಂದೇ ಆಷಾಢವನ್ನು ತಡೆದುಕೊಳ್ಳಬೇಕು. ಈ ಅನ್ಯಾಯವನ್ನು ಪ್ರಶ್ನಿಸಬೇಕಾದವರು ಆಳುವವರ ಬಾಗಿಲಿಗೆ ಹೋಗದೆ ಆರು ವರ್ಷದ ಮಗುವಿನ ಜೇಬಿಗೆ ಕೈಹಾಕುವುದು ಎಂಥ ನ್ಯಾಯ?

ಲೆಕ್ಕವನ್ನಾದರೂ ನೋಡಲಿ. 22 ಮಕ್ಕಳು ವಾರಕ್ಕೊಮ್ಮೆ ಹತ್ತು ರೂಪಾಯಿಯಂತೆ ಮೂವತ್ತು ವಾರ ಕೊಂಡರೆ ಒಟ್ಟು 6,600 ರೂಪಾಯಿ. ಒಂದಕ್ಕೆ ಎರಡು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ ಶಾಲೆಗೆ ದಕ್ಕುವುದು 1,320. ಮಿಕ್ಕ 5,280 ರೂಪಾಯಿ ಊರು ಬಿಟ್ಟು ಘಟ್ಟ ಇಳಿಯುತ್ತದೆ. ಮೂರು ತೋಟದ ಮನೆಗಳು ತಲಾ ಒಂದು ಕಿಲೋ ಕಾಳುಮೆಣಸು ಕೊಟ್ಟರೆ ಶಾಲೆಗೆ ಇದಕ್ಕಿಂತ ಹೆಚ್ಚು ಹಣ ಸೇರುತ್ತದೆ. ಯಾವ ಮಗುವೂ ಕಂಬಕ್ಕೆ ಒರಗಿ ನಿಲ್ಲಬೇಕಾಗುವುದಿಲ್ಲ.

ಇನ್ನು ಮಾರುವ ವಸ್ತುವಾದರೂ ಏನು? ಹೆಸರು ಐಸ್‌ಕ್ರೀಂ ಎಂದಾದರೂ ಅಗ್ಗದ ಪೆಟ್ಟಿಗೆಯಲ್ಲಿರುವುದು ಹಲವೊಮ್ಮೆ ಫ್ರೋಜನ್ ಡೆಸರ್ಟ್. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಇರುತ್ತದೆ. ಬಹಳ ಕಡೆ ಅದು ತಾಳೆ ಎಣ್ಣೆ. ಈ ದೇಶ ತಾಳೆ ಎಣ್ಣೆಯನ್ನು ಮುಖ್ಯವಾಗಿ ಇಂಡೋನೇಷ್ಯಾ, ಮಲೇಷ್ಯಾಗಳಿಂದ ತರಿಸಿಕೊಳ್ಳುತ್ತದೆ. ಸುಮಾತ್ರಾ, ಬೋರ್ನಿಯೋಗಳಲ್ಲಿ ಮಳೆಕಾಡು ಕಡಿದು ಬೆಳೆದ ತೋಟಗಳ ಫಸಲೂ ಅದರೊಳಗಿದೆ. ಸಹ್ಯಾದ್ರಿಯ ಕಾಡುಳಿಸಿ ಎಂದು ಮಕ್ಕಳಿಂದ ಘೋಷಣೆ ಕೂಗಿಸುವ ಶಾಲೆಯೇ ಸಂಜೆ ಇದನ್ನು ಮಾರುವುದೆ? ಮನೆಯ ಕೊಟ್ಟಿಗೆಯಲ್ಲಿ ಆಕಳಿದ್ದೂ ಮಗುವಿಗೆ ಹಾಲಿನ ಹೆಸರಿನಲ್ಲಿ ಎಣ್ಣೆ ತಿನ್ನಿಸುವುದೆ?

ಸಮಸ್ಯೆ ಇಲ್ಲಿಗೆ ಮುಗಿಯುವುದಿಲ್ಲ. ಐಸ್‌ಕ್ರೀಮನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಡಬೇಕು. ದಿನಗಟ್ಟಲೆ ವಿದ್ಯುತ್ ಕೈಕೊಡುವ ಊರುಗಳಲ್ಲಿ ಅದು ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಕರಗಿದಾಗ ಬೆಳೆದ ರೋಗಾಣುಗಳು ಹೆಪ್ಪುಗಟ್ಟಿದ ಮಾತ್ರಕ್ಕೆ ಸಾಯುವುದಿಲ್ಲ. ಪ್ಲಾಸ್ಟಿಕ್ ಐಸ್‌ಕ್ರೀಂ ಕಡ್ಡಿ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಆದರೆ ಬಣ್ಣದ ಹೊದಿಕೆಗಳು ಹಾಗೆಯೇ ಉಳಿದಿವೆ. ಮೊದಲ ಮಳೆಗೆ ಅವು ಶಾಲೆಯ ಕೆಳಗಿನ ಹಳ್ಳಕ್ಕಿಳಿಯುತ್ತವೆ.

ಕಾನೂನೂ ಮೌನವಾಗಿಲ್ಲ. ಶಾಲಾ ಮಕ್ಕಳ ಆಹಾರ ಕುರಿತ 2020ರ ಕೇಂದ್ರ ನಿಯಮಾವಳಿಯಂತೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಹೊರಗಿನ ವ್ಯಾಪಾರಿ ಪಾಲಿಸಬೇಕಾದ ಈ ಗಡಿಯನ್ನು ಶಾಲೆಯ ಹಿತೈಷಿಗಳೇ ದಾಟಿದರೆ ಮಕ್ಕಳು ಕಲಿಯುವುದೇನನ್ನು?

ಮಕ್ಕಳಿಗೆ ಐಸ್‌ಕ್ರೀಂ ವಿಷವೆಂದು ಯಾರೂ ಹೇಳಬೇಕಾಗಿಲ್ಲ. ತೇರಿನ ಪೇಟೆಯಲ್ಲಿ ಅಪ್ಪ ಕೊಡಿಸಿದ ಒಂದು ಕಪ್ಪಿನ ಸುಖಕ್ಕೆ ಅಡ್ಡ ಬರುವವರು ಯಾರು? ಅದು ಹಬ್ಬ. ವಾರವಾರ ಶಾಲೆಯೇ ನಡೆಸುವ ಮಾರಾಟ ಮಾತ್ರ ಚಟದ ಬಿತ್ತನೆ. ಅದರ ಬದಲಿಗೆ ಮುರುಗಲು ಪಾನಕ ಮಾರೋಣವೆನ್ನುವವರೂ ಇದ್ದಾರೆ. ಪಾನಕದ ಸಕ್ಕರೆಯೂ ಸಕ್ಕರೆಯೇ, ಬಡ ಮಗುವಿನ ಬರಿಗೈಯೂ ಬರಿಗೈಯೇ. ಬದಲಾಗಬೇಕಾದುದು ಪೆಟ್ಟಿಗೆಯೊಳಗಿನ ತಿನಿಸಲ್ಲ, ಮಕ್ಕಳನ್ನೇ ಗಿರಾಕಿಗಳಾಗಿಸುವ ಬುದ್ಧಿ.

ಆದ್ದರಿಂದ ಶಾಲಾಭಿವೃದ್ಧಿ ಸಮಿತಿಗಳು ಮುಂದಿನ ಗ್ರಾಮಸಭೆಯಲ್ಲಿ ಎರಡು ಠರಾವು ಮಂಡಿಸಲಿ: ಶಾಲೆಯಂಗಳದಲ್ಲಿ ಮಕ್ಕಳಿಗೆ ಯಾವ ಮಾರಾಟವೂ ಇಲ್ಲ, ಗುಡ್ಡಗಾಡಿನ ಶಾಲೆಗಳ ಅನುದಾನ ತಲೆಯೆಣಿಕೆಯಿಂದಲ್ಲ, ಕಟ್ಟಡದ ಅಗತ್ಯದಿಂದ ನಿಗದಿಯಾಗಲಿ. ಕಾಲೇಜಿನಲ್ಲಿ ಓದುವ ಊರಿನ ಮಕ್ಕಳು ಆ ಅರ್ಜಿ ಬರೆಯಲಿ, ಹಿರಿಯರು ಸಹಿ ಹಾಕಲಿ. ಹೆಂಚು ಹೊದಿಸುವ ಹೊಣೆ ದೊಡ್ಡವರದು. ಮಧ್ಯಾಹ್ನ ಒಂದಾಗಿದ್ದ ಪಂಕ್ತಿ ಸಂಜೆಯೂ ಒಂದಾಗಿಯೇ ಮನೆಯ ದಾರಿ ಹಿಡಿಯಲಿ.