ರಾಷ್ಟ್ರಗೀತೆಯ ಕವಿಯ ಹೆಸರು ಹೇಳಲು ಹಿಂಜರಿಕೆ ಏಕೆ?

1910ರ ಸೆಪ್ಟೆಂಬರ್ 21ರಂದು, ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಡುತ್ತಿದ್ದ ‘ಸಿನ್ಹಾನ್ ಮಿನ್ಬೊ’ ಎಂಬ ಕೊರಿಯನ್ ಪತ್ರಿಕೆಯಲ್ಲಿ ಒಂದು ಹಾಡು ಅಚ್ಚಾಯಿತು. ಜಪಾನ್ ಕೊರಿಯಾವನ್ನು ನುಂಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಹಾಡಿನ ಜೊತೆಗೆ ಕವಿಯ ಹೆಸರೂ ಇತ್ತು: ಯುನ್ ಚಿ-ಹೊ. ಅದೇ ಹಾಡು, ಅಲ್ಲಲ್ಲಿ ತುಸು ತಿದ್ದುಪಡಿಯೊಂದಿಗೆ, ಇಂದು ದಕ್ಷಿಣ ಕೊರಿಯಾದ ರಾಷ್ಟ್ರಗೀತೆ. ಆದರೆ ಆ ದೇಶದ ಸರ್ಕಾರದ ಲೆಕ್ಕದಲ್ಲಿ ಅದನ್ನು ಬರೆದವರು ಯಾರೆಂಬುದು ಈಗಲೂ ತೀರ್ಮಾನವಾಗದ ಪ್ರಶ್ನೆ. ನೂರು ವರ್ಷಗಳ ಹಿಂದೆ ಪರದೇಶದ ವಲಸಿಗರು ಎಗ್ಗಿಲ್ಲದೆ ಅಚ್ಚು ಹಾಕಿದ್ದ ಹೆಸರನ್ನು ಸ್ವತಂತ್ರ ದೇಶವೊಂದು ಹೇಳಲಾರದೆ ಹಿಂಜರಿಯುತ್ತಿದೆ. ಈ ಹಿಂಜರಿಕೆಗೆ ಕಾರಣ ಸಾಕ್ಷ್ಯದ ಕೊರತೆಯಲ್ಲ, ಆ ಮನುಷ್ಯನ ಮುಂದಿನ ಬದುಕು ಎಂಬುದೇ ನನ್ನ ವಾದ.

1865ರಲ್ಲಿ ಹುಟ್ಟಿದ ಯುನ್ ಚಿ-ಹೊ ಕೊರಿಯಾದ ಮೊದಲ ತಲೆಮಾರಿನ ಆಧುನಿಕ ವಿದ್ಯಾವಂತರಲ್ಲಿ ಒಬ್ಬರು. ಅಮೆರಿಕದ ವ್ಯಾಂಡರ್‌ಬಿಲ್ಟ್ ಮತ್ತು ಎಮೊರಿಗಳಲ್ಲಿ ಓದಿದವರು. 1898ರಲ್ಲಿ ಸ್ವಾತಂತ್ರ್ಯ ಸಂಘದ ಅಧ್ಯಕ್ಷರಾಗಿ ಅರಸನಿಂದಲೇ ಸುಧಾರಣೆ ಕೇಳಿದವರು, ವಿದೇಶಾಂಗ ಖಾತೆಯಲ್ಲಿ ಉಪಮಂತ್ರಿಯಾಗಿದ್ದವರು. 1912ರಲ್ಲಿ ಜಪಾನೀಯರು ಹೂಡಿದ ‘105 ಜನರ ಮೊಕದ್ದಮೆ’ಯಲ್ಲಿ ಸೆರೆಮನೆ ಸೇರಿ 1915ರವರೆಗೆ ಅಲ್ಲಿದ್ದರು. ಅಲ್ಲಿಗೇ ಕಥೆ ಮುಗಿದಿದ್ದರೆ ಇಂದು ಸೋಲ್ ನಗರದ ಚೌಕಗಳಲ್ಲಿ ಅವರ ಪ್ರತಿಮೆಗಳಿರುತ್ತಿದ್ದವು. ಆದರೆ ಜಪಾನಿನ ಆಳ್ವಿಕೆಯ ವಿರುದ್ಧ ಎದ್ದ 1919ರ ಮಾರ್ಚ್ ಚಳವಳಿಯಿಂದ ಅವರು ದೂರ ನಿಂತರು. 1930ರ ದಶಕದ ಕೊನೆಗೆ ಜಪಾನಿನ ಯುದ್ಧಕ್ಕೆ ಬಹಿರಂಗ ಬೆಂಬಲ ಕೊಟ್ಟರು, ಜಪಾನೀ ಹೆಸರು ಇಟ್ಟುಕೊಂಡರು, 1945ರಲ್ಲಿ ಜಪಾನಿನ ಮೇಲ್ಮನೆಗೆ ನಾಮನಿರ್ದೇಶನಗೊಂಡರು. ದೇಶ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. 2009ರಲ್ಲಿ ಪ್ರಕಟವಾದ, ಜಪಾನ್ ಪರ ನಿಂತವರ ಚರಿತ್ರಕೋಶದಲ್ಲಿ ಅವರ ಹೆಸರಿದೆ. ಇಂಥವರು ಬರೆದದ್ದನ್ನು ಎದೆಯ ಮೇಲೆ ಕೈಯಿಟ್ಟು ಹಾಡುವುದು ಹೇಗೆ ಎಂಬ ಕೊರಿಯನ್ನರ ಸಂಕಟ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವವರಿಗೆ ವಸಾಹತು ಆಳ್ವಿಕೆಯ ಅವಮಾನ ಗೊತ್ತಿಲ್ಲ.

ಸಂಕಟದಿಂದ ಪಾರಾಗಲು ಇನ್ನೊಂದು ಹೆಸರು ಕೈಯಳತೆಯಲ್ಲೇ ಇದೆ: ಆನ್ ಚಾಂಗ್-ಹೊ. ಅವರದು ಕಳಂಕವಿಲ್ಲದ ಬದುಕು. 1902ರಲ್ಲಿ ಪತ್ನಿಯೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದ ಅವರು, ಓದಲು ಬಂದವರು, ಓದನ್ನು ಬದಿಗಿಟ್ಟು ಅಲ್ಲಿನ ಬೆರಳೆಣಿಕೆಯ ಕೊರಿಯನ್ನರನ್ನು ಒಗ್ಗೂಡಿಸುವ ಕೆಲಸಕ್ಕೆ ನಿಂತರು. ಜಿನ್ಸೆಂಗ್ ಬೇರು ಮಾರುವ ಇಬ್ಬರು ಕೊರಿಯನ್ನರು ನಡುಬೀದಿಯಲ್ಲಿ ಜಗಳವಾಡುತ್ತಿದ್ದುದನ್ನು ಕಂಡದ್ದೇ ಇದಕ್ಕೆ ಕಾರಣವಾಯಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. 1903ರಲ್ಲಿ ಸ್ನೇಹಸಂಘ, 1905ರಲ್ಲಿ ಪರಸ್ಪರ ಸಹಾಯ ಸಂಘ, 1909ರಲ್ಲಿ ಹವಾಯಿಯ ಸಂಘದೊಡನೆ ಕೂಡಿ ಕೊರಿಯನ್ ರಾಷ್ಟ್ರೀಯ ಸಂಘ, 1913ರಲ್ಲಿ ಹುಂಗ್‌ಸಾದಾನ್ ಎಂಬ ಯುವಕರ ಸಂಸ್ಥೆ, ಹೀಗೆ ಎಲ್ಲವೂ ಈ ಊರಿನ ನೆಲದಲ್ಲೇ ಬೆಳೆದವು. ‘ಸಿನ್ಹಾನ್ ಮಿನ್ಬೊ’ ಆ ರಾಷ್ಟ್ರೀಯ ಸಂಘದ್ದೇ ಪತ್ರಿಕೆ. ಆನ್ ಮುಂದೆ ಶಾಂಘೈನಲ್ಲಿದ್ದ ಕೊರಿಯಾದ ಹಂಗಾಮಿ ಸರ್ಕಾರದಲ್ಲಿ ದುಡಿದು, ಜಪಾನೀಯರ ಸೆರೆಯಲ್ಲಿ ಎರಡು ಬಾರಿ ನವೆದು, 1938ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರು ಹಾಡುಗಳನ್ನೂ ಬರೆಯುತ್ತಿದ್ದರು. 1910ರಲ್ಲಿ ದೇಶ ಬಿಡುವಾಗ ಬರೆದ ವಿದಾಯಗೀತೆ ಅವರದೇ. ರಾಷ್ಟ್ರಗೀತೆಯೂ ಅವರದೇ ಆಗಿರಬಾರದೇಕೆ ಎಂದು ಜನ ಕೇಳುವುದು ಸಹಜ.

ಆಸೆ ಸಹಜವಾದ ಮಾತ್ರಕ್ಕೆ ಅದು ಪುರಾವೆಯಾಗದು. ಈ ವಿವಾದದಲ್ಲಿ ಪ್ರತಿಯೊಂದು ಸಾಕ್ಷ್ಯಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಹೇಳಿದ್ದು ಯಾವಾಗ, ಆಗ ಹಾಗೆ ಹೇಳುವುದರಿಂದ ಯಾರಿಗೆ ಏನು ಲಾಭವಿತ್ತು? 1945ರ ಬಿಡುಗಡೆಯ ನಂತರ ಹುಟ್ಟಿದ ಎಲ್ಲ ಹೇಳಿಕೆಗಳಿಗೂ ಒಂದಲ್ಲ ಒಂದು ಒತ್ತಡವಿದೆ. ಆನ್ ಅವರ ಅನುಯಾಯಿಗಳ ನೆನಪುಗಳಿಗೆ ಭಕ್ತಿಯ ಒತ್ತಡ. ಯುನ್ ತಮ್ಮ ಕೊನೆಯ ದಿನಗಳಲ್ಲಿ ಕೈಯಾರೆ ಬರೆದು ‘1907’ ಎಂದು ಇಸವಿ ಹಾಕಿದ, ಮುಂದೆ ಎಮೊರಿ ವಿಶ್ವವಿದ್ಯಾಲಯ ಸೇರಿದ ಪ್ರತಿಗೆ ಮಾನ ಉಳಿಸಿಕೊಳ್ಳುವ ಒತ್ತಡ. ಯುನ್ ಪರ ವಾದಿಸುವವರು ಆ ಹಸ್ತಪ್ರತಿಯನ್ನೇ ಮುಂದೆ ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಅವರ ಕೈಲಿರುವ ಸಾಕ್ಷ್ಯಗಳಲ್ಲಿ ಅದೇ ಅತ್ಯಂತ ದುರ್ಬಲ. ಬಲವಿರುವುದು ಹಳೆಯ ಮುದ್ರಿತ ಪುಟಗಳಿಗೆ. 1908ರಲ್ಲಿ ಯುನ್ ಹೆಸರಿನಲ್ಲಿ ಬಂದ ಸ್ತೋತ್ರಗೀತೆಗಳ ಪುಸ್ತಿಕೆಯಲ್ಲಿ ಈ ಹಾಡಿದೆ. ಎರಡು ವರ್ಷದ ನಂತರ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆ ಅವರನ್ನೇ ಕವಿಯೆಂದು ಹೆಸರಿಸಿದೆ. ಆಗ ಯುನ್ ಇನ್ನೂ ದೇಶಭಕ್ತ. ಪತ್ರಿಕೆ ಜಪಾನಿನ ಸೆನ್ಸಾರ್ ಕೈಗೆ ಎಟುಕದ ಊರಿನದು. ಎಲ್ಲಕ್ಕಿಂತ ಮುಖ್ಯವಾಗಿ ಅದು ಆನ್ ಕಟ್ಟಿ ಬೆಳೆಸಿದ ಬಳಗದ್ದು. ತಮ್ಮ ನಾಯಕನ ಹಾಡಾಗಿದ್ದರೆ ಅದನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡುವ ಅಗತ್ಯ ಆ ಜನರಿಗೇನಿತ್ತು?

ಪ್ರತಿವಾದಗಳಿವೆ. 1908ರ ಪುಸ್ತಿಕೆ ಯುನ್ ಅವರನ್ನು ಅನುವಾದಕ ಎನ್ನುತ್ತದೆ, ಕವಿ ಎನ್ನುವುದಿಲ್ಲ ಎಂಬುದು ಮೊದಲನೆಯದು. ಅದರಲ್ಲಿರುವ 15 ಹಾಡುಗಳಲ್ಲಿ 12 ಅನುವಾದಿತ ಸ್ತೋತ್ರಗಳು, ಹಾಗಾಗಿ ಆ ಬಿರುದು. ಉಳಿದ ಮೂರು ದೇಶಗೀತೆಗಳು. ಕೊರಿಯಾದ ಬೆಟ್ಟ, ಕಡಲು, ಪೈನ್ ಮರಗಳ ಹಾಡನ್ನು ಯಾವ ಭಾಷೆಯಿಂದ ಅನುವಾದಿಸಲು ಸಾಧ್ಯ? ವಿನಯವಂತರಾದ ಆನ್ ತಮ್ಮ ಹಾಡನ್ನು ಹಿರಿಯರಾದ ಯುನ್ ಹೆಸರಿಗೆ ಬಿಟ್ಟುಕೊಟ್ಟರು ಎಂಬುದು ಎರಡನೆಯದು. ಪ್ಯೊಂಗ್ಯಾಂಗಿನಲ್ಲಿ ಆನ್ ಕಟ್ಟಿದ ದೇಸಾಂಗ್ ಶಾಲೆಗೆ ಯುನ್ ಮುಖ್ಯೋಪಾಧ್ಯಾಯರಾಗಿದ್ದುದರಿಂದ ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಹಾಡಿನೊಳಗೇ ಒಂದು ಉತ್ತರವಿದೆ. 1908ರ ಪಾಠದ ನಾಲ್ಕನೆಯ ನುಡಿ ಅರಸನ ಸೇವೆಯ ಮಾತಾಡುತ್ತದೆ. ಈಗಿನ ಪಾಠದಲ್ಲಿ ಅರಸನಿಲ್ಲ, ನಿಷ್ಠೆಯಷ್ಟೇ ಇದೆ. ಆನ್ ಆ ಹೊತ್ತಿಗೆ ಗಣರಾಜ್ಯದ ಕನಸು ಹೊತ್ತ ಗುಪ್ತಸಂಘದ ನಾಯಕ. ಯುನ್ ಆಸ್ಥಾನದ ಉಪಮಂತ್ರಿಯಾಗಿದ್ದವರು. ಅರಸನನ್ನು ನೆನೆಯುವ ಸಾಲು ಇಬ್ಬರಲ್ಲಿ ಯಾರ ಲೇಖನಿಗೆ ಹೊಂದುತ್ತದೆ ಎಂಬುದನ್ನು ಹೆಚ್ಚು ವಿವರಿಸಬೇಕಿಲ್ಲ. ಆ ಸಾಲನ್ನು ಶಾಂಘೈನಲ್ಲಿ ತಿದ್ದಿದವರು ಆನ್ ಎಂಬ ನಂಬಿಕೆಯಿದೆ. ಹಾಗಿದ್ದರೆ ಆ ಗೌರವ ಅವರಿಗೆ ಪೂರ್ತಿ ಸಲ್ಲಬೇಕು. 1955ರಲ್ಲಿ ಸರ್ಕಾರದ ಇತಿಹಾಸ ಸಮಿತಿ ಮತ ಹಾಕಿದಾಗ 11 ಮಂದಿ ಯುನ್ ಪರ, ಇಬ್ಬರು ವಿರುದ್ಧ. ಒಮ್ಮತವಿಲ್ಲವೆಂದು ಪ್ರಶ್ನೆಯನ್ನು ಕೈಬಿಡಲಾಯಿತು. ಇತಿಹಾಸದ ಎಷ್ಟು ಸಂಗತಿಗಳು ಒಮ್ಮತದ ಪರೀಕ್ಷೆಯಲ್ಲಿ ಉಳಿದಾವು?

ಇಲ್ಲಿಂದ ಮುಂದಿನ ಪ್ರಶ್ನೆ ಇನ್ನೂ ಕಠಿಣ: ಬರೆದವರು ಯುನ್ ಎಂದೇ ಆದರೆ ಹಾಡನ್ನೇ ಬಿಡಬೇಕಲ್ಲವೇ? ಕೊರಿಯಾದಲ್ಲಿ ಹಾಗೆ ವಾದಿಸುವವರಿದ್ದಾರೆ. ಭಾರತೀಯರಾದ ನಮಗೆ ಈ ಪ್ರಶ್ನೆ ಅಪರಿಚಿತವೇನಲ್ಲ. ಕವಿಯೂ ರಾಜಕಾರಣಿಯೂ ಆಗಿದ್ದ ಇಕ್ಬಾಲ್ 1904ರಲ್ಲಿ ಬರೆದ ‘ಸಾರೆ ಜಹಾಂ ಸೆ ಅಚ್ಛಾ’ವನ್ನು ನಮ್ಮ ಶಾಲೆಗಳಲ್ಲಿ ಈಗಲೂ ಹಾಡುತ್ತಾರೆ, ನಮ್ಮ ಸೇನೆ ನುಡಿಸುತ್ತದೆ. 1930ರಲ್ಲಿ ಅಲಹಾಬಾದಿನ ಮುಸ್ಲಿಂ ಲೀಗ್ ಅಧಿವೇಶನದ ಅಧ್ಯಕ್ಷರಾಗಿ ಅವರು ಹೇಳಿದ್ದು ಬೇರೆಯೇ ದಾರಿ. ಎರಡೂ ನಮಗೆ ಗೊತ್ತು, ಹೆಸರನ್ನು ಅಳಿಸಿಲ್ಲ. ಇಕ್ಬಾಲ್ ದಾರಿ ಬೇರೆಯಾಯಿತು, ಯುನ್ ಆಳುವವರ ಸೇವೆಗೆ ನಿಂತರು. ಈ ವ್ಯತ್ಯಾಸ ದೊಡ್ಡದು, ಅದನ್ನು ಮರೆಸಬಾರದು. ಆದರೂ ಹಾಡು ಮತ್ತು ಹಾಡು ಬರೆದವನ ಮುಂದಿನ ನಡೆಯನ್ನು ಬೇರೆ ಬೇರೆಯಾಗಿ ತೂಗುವುದು ಸಾಧ್ಯ ಎಂಬುದಕ್ಕೆ ಅದು ನಿದರ್ಶನ. ಕವಿಯ ನಿಷ್ಠೆಯನ್ನು ಆತುರದಲ್ಲಿ ಅಳೆಯುವ ಅಪಾಯವನ್ನೂ ಸ್ಯಾನ್ ಫ್ರಾನ್ಸಿಸ್ಕೊ ಕಂಡಿದೆ. 1916ರ ಅಕ್ಟೋಬರ್‌ನಲ್ಲಿ ರವೀಂದ್ರನಾಥ ಟ್ಯಾಗೋರ್ ಅಲ್ಲಿ ಉಪನ್ಯಾಸಕ್ಕೆ ಬಂದಾಗ, ಬ್ರಿಟಿಷರ ಸರ್ ಪದವಿ ಪಡೆದವರೆಂದು ಭಾರತದ ಬಿಡುಗಡೆಗೆ ಹೋರಾಡುತ್ತಿದ್ದ ಗದರ್ ಪಕ್ಷದವರು ಕೆರಳಿದ್ದರು. ಹತ್ಯೆಯ ಸಂಚಿನ ವದಂತಿ ಹಬ್ಬಿ, ಮುಂದೆ ನಮ್ಮ ರಾಷ್ಟ್ರಗೀತೆಯ ಕವಿಯಾಗಲಿದ್ದವರಿಗೆ ಪೊಲೀಸ್ ಕಾವಲು ಬೇಕಾಯಿತು. ಮೂರೇ ವರ್ಷದಲ್ಲಿ ಜಲಿಯನ್‌ವಾಲಾ ಬಾಗ್ ನಂತರ ಟ್ಯಾಗೋರ್ ಆ ಪದವಿಯನ್ನು ಮರಳಿಸಿದರು. 1912ರಲ್ಲಿ ನಿಂತು ನೋಡಿದವರಿಗೆ ಸೆರೆಯಲ್ಲಿದ್ದ ಯುನ್ ವೀರರಾಗಿ ಕಂಡಿದ್ದರೆ, 1916ರಲ್ಲಿ ನಿಂತು ನೋಡಿದವರಿಗೆ ಟ್ಯಾಗೋರ್ ಆಳುವವರ ಪರವಾಗಿ ಕಂಡರು.

ಹಾಡು ಉಳಿಯಬೇಕೆನ್ನಲು ಇನ್ನೂ ದೊಡ್ಡ ಕಾರಣ ಅದನ್ನು ಉಳಿಸಿಕೊಂಡವರು. 1903ರಿಂದ 1905ರ ನಡುವೆ ಸುಮಾರು 7,000 ಕೊರಿಯನ್ನರು ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದರು. ಅವರಲ್ಲಿ ಹಲವರು ಕ್ಯಾಲಿಫೋರ್ನಿಯಾ ಸೇರಿ ಹಣ್ಣಿನ ತೋಟ, ಭತ್ತದ ಗದ್ದೆಗಳಲ್ಲಿ ದುಡಿದರು. ತಾಯ್ನಾಡಿನಲ್ಲಿ ಬಾಯಿಬಿಟ್ಟು ಹಾಡಲಾಗದ ಗೀತೆಯನ್ನು ಇವರು ಚರ್ಚುಗಳಲ್ಲಿ, ಸಂಘದ ಸಭೆಗಳಲ್ಲಿ ‘ಆಲ್ಡ್ ಲ್ಯಾಂಗ್ ಸೈನ್’ ಎಂಬ ಸ್ಕಾಟ್ಲೆಂಡಿನ ಧಾಟಿಗೆ ಹಾಡಿದರು. 1930ರಲ್ಲಿ ಅಮೆರಿಕಕ್ಕೆ ಬಂದ ಸಂಗೀತಗಾರ ಆನ್ ಇಕ್-ತೆ ಸ್ಯಾನ್ ಫ್ರಾನ್ಸಿಸ್ಕೊದ ಕೊರಿಯನ್ ಚರ್ಚಿನಲ್ಲಿ ಅದನ್ನು ಕೇಳಿ, ಪರರ ಧಾಟಿ ಏಕೆಂದು ನೊಂದು, 1935ರ ಹೊತ್ತಿಗೆ ಸ್ವಂತ ಸ್ವರ ಹಾಕಿದರು. 1940ರಲ್ಲಿ ಹಂಗಾಮಿ ಸರ್ಕಾರ ಒಪ್ಪಿತು, 1948ರ ಆಗಸ್ಟ್ 15ರಂದು ಹೊಸ ಸರ್ಕಾರದ ಸ್ಥಾಪನೆಯಲ್ಲಿ ಅದೇ ಮೊಳಗಿತು. ದುರ್ದೈವವೆಂದರೆ, ಮಂಚೂರಿಯಾದ ಜಪಾನೀ ಕೈಗೊಂಬೆ ರಾಜ್ಯದ ಹಬ್ಬಕ್ಕೆ ಸಂಗೀತ ಕೊಟ್ಟರೆಂದು ಈ ಸ್ವರಕಾರರೂ ಅದೇ ಚರಿತ್ರಕೋಶ ಸೇರಿದ್ದಾರೆ. ಹೀಗೆ ಪರಿಶುದ್ಧರನ್ನೇ ಹುಡುಕುತ್ತ ಹೊರಟರೆ ಸಾಹಿತ್ಯವೂ ಹೋಗುತ್ತದೆ, ಸ್ವರವೂ ಹೋಗುತ್ತದೆ. ಉಳಿಯುವವರು ಆ ಕೂಲಿಕಾರರು ಮಾತ್ರ, ಅವರಿಗೆ ತಮ್ಮದೆನ್ನಲು ಹಾಡೇ ಇರುವುದಿಲ್ಲ. ಕನ್ನಡಿಗರು ನಾಡಗೀತೆಯ ಧಾಟಿಗಾಗಿ ವರ್ಷಗಟ್ಟಲೆ ಜಗಳವಾಡಿ, 2022ರಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ ಎಂಬ ಸರ್ಕಾರಿ ಆದೇಶದವರೆಗೆ ಬಂದವರು. ಆ ಜಗಳದಲ್ಲಿ ಕುವೆಂಪು ಹೆಸರನ್ನು ಮರೆಮಾಚುವ ಪ್ರಸಂಗ ನಮಗೆ ಬರಲಿಲ್ಲ. ಕೊರಿಯನ್ನರ ಪಾಡು ಎಷ್ಟು ಕಷ್ಟದ್ದೆಂದು ತಿಳಿಯಲು ಇಷ್ಟು ಸಾಕು.

ಹೆಸರು ಹೇಳದಿರುವುದರಿಂದ ಯುನ್ ಅವರ ದ್ರೋಹಕ್ಕೆ ಶಿಕ್ಷೆಯಾಗುತ್ತಿಲ್ಲ, ಅದು ಮರೆಯಾಗುತ್ತಿದೆ. ‘ಕವಿ ಅಜ್ಞಾತ’ ಎಂದು ಓದುವ ಶಾಲಾ ಮಗುವಿಗೆ, ಇಂಥ ಹಾಡು ಬರೆದವರೂ ಆಳುವವರಿಗೆ ತಲೆಬಾಗಿದರು ಎಂಬ ಸತ್ಯ ತಿಳಿಯುವ ದಾರಿಯೇ ಮುಚ್ಚುತ್ತದೆ. ಆನ್ ಚಾಂಗ್-ಹೊ ಅವರ ಹಿರಿಮೆಗೂ ತಮ್ಮದಲ್ಲದ ಹಾಡಿನ ಆಸರೆ ಬೇಕಿಲ್ಲ. ದಕ್ಷಿಣ ಕೊರಿಯಾದ ಸರ್ಕಾರ 1955ರ ಕಡತವನ್ನು ಮತ್ತೆ ತೆರೆಯಲಿ. ಗೀತೆಯ ಕೆಳಗೆ ಯುನ್ ಚಿ-ಹೊ ಹೆಸರನ್ನು ಅಚ್ಚು ಹಾಕಲಿ, ಅದೇ ಪುಟದಲ್ಲಿ ಅವರು 1945ರವರೆಗೆ ಮಾಡಿದ್ದನ್ನೂ ಬರೆಯಲಿ.